ಕುಪ್ಪಳ ಅಕ್ಷರದ ಬೋರ್ಡು

ಲಾಂಡ್ರಿಯಲ್ಲಿ ಅವಳಿಗೆ ಕಾವಲಿ ಎಂದು ಹೆಸರು. ಎದುರಿಗೆ ಎಲ್ಲರೂ ಅಕ್ಕಾ ಎನ್ನುತ್ತಾರೆ, ಬೆನ್ನು ತಿರುಗಿಸಿದರೆ ಕಾವಲಿ. ಸದಾ ಕಾದೇ ಇರುತ್ತಾಳೆ, ಒಂದು ಹನಿ ಮಾತು ಬಿದ್ದರೂ ಚುರ್ ಎನ್ನುತ್ತಾಳೆ ಎಂದು ಯಾರೋ ಇಟ್ಟದ್ದು. ಅದು ಅವಳ ಕಿವಿಗೂ ಬಿದ್ದಿದೆ. ಇಟ್ಟವರು ಯಾರೆಂದು ಗೊತ್ತಾದ ದಿನ ಅವರ ಗ್ರಹಚಾರ ಬಿಡಿಸುತ್ತೇನೆ ಎಂದು ಹೇಳಿಕೊಂಡು ಓಡಾಡುತ್ತಾಳೆ. ಆದರೆ ಹೆಸರು ತನಗೆ ಒಪ್ಪುತ್ತದೆ ಎಂಬುದರಲ್ಲಿ ಅವಳಿಗೂ ಅನುಮಾನವಿಲ್ಲ.

ಸಿಟ್ಟಿನ ಹೆಂಗಸನ್ನು ಕಂಡರೆ ಜನ ಮೂಗು ಮುರಿಯುತ್ತಾರೆ. ಅವಳಿಗೆ ಸಿಟ್ಟು ಬರಿಸಿದವರನ್ನು ಯಾರೂ ಕೇಳುವುದಿಲ್ಲ. ಅಪ್ಪ ಕಣ್ಣು ಮುಚ್ಚಿದಾಗ ಅವಳಿನ್ನೂ ಲಂಗ ಹಾಕುವ ಹುಡುಗಿ. ಅಮ್ಮ ಹಾಸಿಗೆ ಹಿಡಿದಿದ್ದಳು, ತಮ್ಮ ಎಲ್ಲೆಂದರಲ್ಲಿ ಮಲಗಿ ನಿದ್ದೆ ಮಾಡುವಷ್ಟು ಚಿಕ್ಕವನು. ಶಾಲೆ ಬಿಟ್ಟು ಲಾಂಡ್ರಿ ಸೇರಿದಳು. ತಮ್ಮನನ್ನು ಓದಿಸಿದಳು, ಅಮ್ಮನನ್ನು ಕೊನೆಯವರೆಗೂ ನೋಡಿಕೊಂಡು ಕಳಿಸಿಕೊಟ್ಟಳು, ನಡುವೆ ಯಾರದೋ ಒತ್ತಾಯಕ್ಕೆ ಮದುವೆಯನ್ನೂ ಆದಳು. ಗಂಡನ ಬಗ್ಗೆ ಯಾರಾದರೂ ಕೇಳಿದರೆ ಅವಳ ಉತ್ತರ ಸಿದ್ಧವಿರುತ್ತದೆ: "ಒಂದಿನ ಬೆಳಿಗ್ಗೆ ಹಾಲು ತರ್ತೀನಿ ಅಂತ ಹೋದ. ಇನ್ನೂ ತರ್ತಾನೇ ಇದಾನೆ. ಹಸುನ ಹುಡುಕ್ತಿರಬೇಕು." ಕೇಳಿದವರು ನಗುತ್ತಾರೆ. ಅವಳು ನಗುವುದಿಲ್ಲ.

ಲಾಂಡ್ರಿ ಎಂದರೆ ಬೀದಿ ಮೂಲೆಯ ಇಸ್ತ್ರಿ ಪೆಟ್ಟಿಗೆಯಲ್ಲ. ಊರಿನ ಆಸ್ಪತ್ರೆ, ಹೋಟೆಲು, ಹಾಸ್ಟೆಲುಗಳ ಹಾಸಿಗೆ ಬಟ್ಟೆಯೆಲ್ಲ ಲಾರಿಯಲ್ಲಿ ಬಂದು ಬೀಳುವ ದೊಡ್ಡ ಶೆಡ್ಡು. ಆ ತುದಿಯಲ್ಲಿ ಕೊಳೆ ಬಟ್ಟೆ ವಿಂಗಡಿಸುವ ಕಟ್ಟೆ, ನಡುವೆ ಒಗೆಯುವ ಯಂತ್ರಗಳು, ಈ ತುದಿಯಲ್ಲಿ ಉರುಳೆ. ಉರುಳೆ ಎಂದರೆ ಆಳೆತ್ತರದ ಇಸ್ತ್ರಿ ಯಂತ್ರ. ಹೊಟ್ಟೆಯೊಳಗೆ ಹಬೆ ತುಂಬಿಕೊಂಡ ಕಬ್ಬಿಣದ ಸಿಲಿಂಡರು ನಿಧಾನಕ್ಕೆ ತಿರುಗುತ್ತಿರುತ್ತದೆ. ಇಬ್ಬರು ಹೆಂಗಸರು ಒದ್ದೆ ಬೆಡ್‌ಶೀಟಿನ ಎರಡು ಮೂಲೆ ಹಿಡಿದು ಅದರ ಬಾಯಿಗೆ ಕೊಟ್ಟರೆ ಆಚೆ ಬದಿಯಲ್ಲಿ ಇನ್ನಿಬ್ಬರ ಕೈಗೆ ಗರಿಗರಿಯಾಗಿ ಬಂದು ಬೀಳುತ್ತದೆ. ಕಾವಲಿ ಅದರ ಬಾಯಿಗೆ ಬಟ್ಟೆ ಕೊಡುತ್ತ ಕೊಡುತ್ತಲೇ ಕೂದಲು ನರೆಸಿಕೊಂಡವಳು.

ಈ ಉರುಳೆಗೆ ಒಂದು ಕೆಟ್ಟ ಗುಣವಿದೆ. ತಿರುಗುವಾಗ ಅದನ್ನು ಕಂಡರೆ ಎಂಥವರಿಗೂ ಭಯ, ಯಾರೂ ಕೈ ಒಯ್ಯುವುದಿಲ್ಲ. ನಿಂತಾಗ ಸತ್ತ ಹಾಗೆ ಕಾಣುತ್ತದೆ. ಸತ್ತಿರುವುದಿಲ್ಲ. ಒಳಗಿನ ಹಬೆ ಆರುವುದಕ್ಕೆ ಬಹಳ ಹೊತ್ತು ಬೇಕು. ಆಗಾಗ ಯಾವುದಾದರೂ ಬಟ್ಟೆ ಒಳಗೆ ಸುತ್ತಿಕೊಂಡುಬಿಡುತ್ತದೆ, ಯಂತ್ರ ನಿಲ್ಲಿಸಿ ಎಳೆಯಬೇಕಾಗುತ್ತದೆ. ಎಳೆಯುವ ಮುಂಚೆ ಕಾಯಬೇಕು. ಅದಕ್ಕೇ ಅದರ ಮೇಲೆ ಹಳೆಯ ಒಂದು ತಗಡಿನ ಬೋರ್ಡು ಇತ್ತು. ಹಳದಿ ಬಣ್ಣದ ಮೇಲೆ ದಪ್ಪ ಕಪ್ಪು ಅಕ್ಷರದಲ್ಲಿ "ಉರುಳೆ ನಿಂತ ತಕ್ಷಣ ಮುಟ್ಟಬಾರದು" ಎಂದು ಬರೆದಿತ್ತು. ಅಂದಚಂದ ಏನೂ ಇರಲಿಲ್ಲ. ಹೆಡ್‌ಮೇಷ್ಟ್ರು ಕೋಲು ಹಿಡಿದು ನಿಂತ ಹಾಗೆ ಇತ್ತು. ಹೊಸದಾಗಿ ಬಂದವರ ಕಣ್ಣು ಮೊದಲು ಬೀಳುತ್ತಿದ್ದದ್ದೇ ಅದರ ಮೇಲೆ.

ಇನ್ನು ತಮ್ಮನ ವಿಷಯ. ಅವನ ಕೈಬರಹ ಚಿಕ್ಕಂದಿನಿಂದಲೂ ಸೊಟ್ಟ. ಒಂದು ಅಕ್ಷರ ಗೆರೆಯ ಮೇಲೆ ಹತ್ತಿ ಕೂತರೆ ಇನ್ನೊಂದು ಕೆಳಗೆ ಜಾರಿಕೊಂಡಿರುತ್ತಿತ್ತು. ಕಾವಲಿ ಎದುರಿಗೆ ಕೂರಿಸಿಕೊಂಡು ಕಾಪಿ ಬರೆಸಿದಳು, ಗೆಣ್ಣಿನ ಮೇಲೆ ಕುಟ್ಟಿದಳು. ಉಪಯೋಗವಾಗಲಿಲ್ಲ. ಅದೇ ಸೊಟ್ಟ ಕೈಯವನು ಬೆಳೆದು ಪ್ರಿಂಟಿಂಗ್ ಅಂಗಡಿ ಇಟ್ಟ. ಬಾಗಿಲಲ್ಲಿ ಬ್ಯಾನರಿನ ಸುರುಳಿಗಳು, ಒಳಗೆ ಒಂದು ಕಂಪ್ಯೂಟರು, ಇಂಕಿನ ವಾಸನೆ. ಮದುವೆಯಾದ, ಮಗಳು ಹುಟ್ಟಿದಳು. ಆ ಮಗುವಿನ ಹುಟ್ಟುಹಬ್ಬಕ್ಕೆಂದು ಒಂದು ದಿನ ಬೆಂಕಿಕಡ್ಡಿಯ ತುದಿ ಜಜ್ಜಿ ಇಂಕಿಗೆ ಅದ್ದಿ ಅಆಇಈ ಪೂರ್ತಿ ಬರೆದ. ಹೊಟ್ಟೆ ಉಬ್ಬಿಸಿಕೊಂಡ ಅ, ಬಾಲ ಎತ್ತಿದ ಕ, ನಗುವ ಬಾಯಿಯ ಹಾಗೆ ತೆರೆದುಕೊಂಡ ಮ. ಒಂದು ಅಕ್ಷರ ಇನ್ನೊಂದರ ಮಟ್ಟಕ್ಕೆ ನಿಲ್ಲುತ್ತಿರಲಿಲ್ಲ. ಅದನ್ನೇ ಕಂಪ್ಯೂಟರಿಗೆ ಹಾಕಿ, ತಿದ್ದಿ ತೀಡಿ, ಯಾರು ಬೇಕಾದರೂ ಟೈಪ್ ಮಾಡುವ ಹಾಗೆ ಮಾಡಿದ. ಮಗಳು ಅದನ್ನು ನೋಡಿ ಮನೆ ತುಂಬ ಕುಪ್ಪಳಿಸಿದ್ದರಿಂದ ಅದಕ್ಕೆ ಕುಪ್ಪಳ ಎಂದೇ ಹೆಸರಿಟ್ಟ.

ಕುಪ್ಪಳ ಬಹಳ ಬೇಗ ಜನರ ಕಣ್ಣಿಗೆ ಬಿತ್ತು. ಬಲೂನಿನ ಅಂಗಡಿಯವನು ಬಂದ, ಆಟಿಕೆ ಅಂಗಡಿಯವಳು ಬಂದಳು, ಮಕ್ಕಳ ಬಟ್ಟೆ ಹೊಲಿಯುವ ದರ್ಜಿ ಬಂದ. ಬೀದಿಯಲ್ಲಿ ನಡೆದರೆ ಅಲ್ಲೊಂದು ಇಲ್ಲೊಂದು ಬೋರ್ಡು ಕುಣಿಯುತ್ತಿತ್ತು. ಕಾವಲಿಗೂ ಒಳಗೊಳಗೇ ಹೆಮ್ಮೆ. ತನ್ನ ಊಟದ ಡಬ್ಬಿಯ ಮೇಲೆ "ಅತ್ತೆ ಡಬ್ಬಿ" ಎಂದು ಕುಪ್ಪಳದಲ್ಲಿ ಅಚ್ಚಾದ ಚೀಟಿ ಅಂಟಿಸಿಕೊಂಡಿದ್ದಳು. ತಮ್ಮನ ಮಗಳು ಅಂಟಿಸಿದ್ದು, ಕೀಳೋಕೆ ಆಗಲ್ಲ ಎಂದು ನೆವ ಹೇಳುತ್ತಿದ್ದಳು.

ತಮ್ಮ ಮಾತ್ರ ತನ್ನ ಅಕ್ಷರದ ಹುಚ್ಚನ್ನು ಸರಿಯಾಗಿ ಬಲ್ಲವನು. "ಅಕ್ಕಾ, ಇದು ಎರಡು ಪದಕ್ಕೆ ಚೆಂದ, ಮೂರಕ್ಕೆ ಪರವಾಗಿಲ್ಲ," ಎನ್ನುತ್ತಿದ್ದ. "ಉದ್ದ ವಾಕ್ಯ ಬರೆದ್ರೆ ಕಣ್ಣು ಜಾರತ್ತೆ. ಓದೋರು ಓದಲ್ಲ, ಊಹಿಸ್ತಾರೆ." ಒಬ್ಬ ಡಾಕ್ಟರು ಕ್ಲಿನಿಕ್ಕಿನ ಬೋರ್ಡಿಗೆ ಕುಪ್ಪಳ ಕೇಳಿದಾಗ ಕೊಡುವುದಿಲ್ಲ ಎಂದು ವಾಪಸು ಕಳಿಸಿದ್ದ. ಆಗ ಕಾವಲಿಯೇ ಅವನನ್ನು ಬೈದಿದ್ದಳು, ಬಂದ ಗಿರಾಕಿಯನ್ನು ಓಡಿಸೋ ಅಂಗಡಿಯವನು ನೀನೊಬ್ಬನೇ ಎಂದು.

ಹೀಗಿರುವಾಗ ಲಾಂಡ್ರಿಗೆ ಹೊಸ ಮ್ಯಾನೇಜರು ಬಂದ. ಸದಾ ನಗುವ ಮುಖ. ಬಂದ ಮೊದಲ ದಿನವೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ನಾವೆಲ್ಲ ಒಂದೇ ಮನೆಯವರು" ಎಂದ. ಮನೆಯವರು ಎಂದವನು ಮರುದಿನವೇ ಕಾಫಿ ವಿರಾಮವನ್ನು ಕತ್ತರಿಸಿದ. ಹೊಸಬರಿಗೆ ಹಳಬರು ಪಕ್ಕದಲ್ಲಿ ನಿಂತು ಕೆಲಸ ಕಲಿಸುವ ಪದ್ಧತಿಯನ್ನೂ ನಿಲ್ಲಿಸಿದ. ಇಬ್ಬರ ಹೊತ್ತು ಯಾಕೆ ಹಾಳು, ಬೋರ್ಡುಗಳಿವೆಯಲ್ಲ, ಬೋರ್ಡೇ ಎಲ್ಲ ಹೇಳುತ್ತದೆ ಎಂದ. ಆಮೇಲೆ ಆ ಬೋರ್ಡುಗಳ ಮೇಲೆಯೇ ಅವನ ಕಣ್ಣು ಬಿತ್ತು.

"ಎಲ್ಲಾ ಗದರಿಸ್ತಾ ಇವೆಯಲ್ಲ. ಮುಟ್ಟಬಾರದು, ಉಗುಳಬಾರದು, ನಿಲ್ಲಬಾರದು. ನೋಡಿದ್ರೆ ಮನಸ್ಸು ಮುದುಡತ್ತೆ," ಎನ್ನುತ್ತ ಊಟದ ಕೋಣೆಗೆ ಬಂದವನು ಕಾವಲಿಯ ಡಬ್ಬಿ ನೋಡಿದ. ಕೈಗೆತ್ತಿಕೊಂಡ. "ಎಷ್ಟು ಮುದ್ದಾಗಿದೆ ಇದು. ಯಾರು ಬರೆದಿದ್ದು?"

ಹೊಗಳಿಕೆ ಅವಳಿಗೆ ಅಪರೂಪ. "ನನ್ನ ತಮ್ಮ ಸರ್," ಎಂದಳು. "ಪ್ರಿಂಟಿಂಗ್ ಅಂಗಡಿ ಇಟ್ಟಿದಾನೆ. ನಾನೇ ಹೇಳ್ತೀನಿ." ಹೇಳಿದಳು ಕೂಡ. ಆ ನಾಲಿಗೆಯನ್ನು ಆಗಲೇ ಕಚ್ಚಿಕೊಂಡಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟು ಸಲ ಅಂದುಕೊಂಡಳೋ.

ವಾರ ಕಳೆಯುವುದರೊಳಗೆ ಲಾಂಡ್ರಿ ತುಂಬ ಕುಪ್ಪಳ. ಕಕ್ಕಸಿನ ಬಾಗಿಲಲ್ಲಿ ಕುಪ್ಪಳ, ಬೆಂಕಿ ಆರಿಸುವ ಕೆಂಪು ಡಬ್ಬಿಯ ಮೇಲೆ ಕುಪ್ಪಳ, ಉರುಳೆಯ ಮೇಲೆ ತಿಳಿಗುಲಾಬಿ ಹಲಗೆಯಲ್ಲಿ ಕುಪ್ಪಳ. ಒಕ್ಕಣೆ ಹಳೆಯದೇ, ಅಕ್ಷರ ಮಾತ್ರ ಹೊಸದು. ಹಳೆಯ ತಗಡನ್ನು ಗೋದಾಮಿನ ಹಿಂದೆ ಎಸೆದರು. ಕೆಲಸದವರಿಗೆ ಖುಷಿಯಾಯಿತು, ಸುಳ್ಳು ಹೇಳಬಾರದು. ಮಡಿಸುವ ಕಡೆಯ ಒಬ್ಬಳು, "ಕಾವಲಿ ಒಂದು ಬಿಟ್ಟು ಉಳಿದದ್ದೆಲ್ಲ ನಗ್ತಾ ಇದೆ ಈಗ," ಎಂದು ಪಿಸುಗುಟ್ಟಿದಳು.

ಅದೇ ಹೊತ್ತಿಗೆ ತಮ್ಮನ ಹೆಂಡತಿಯೂ ಲಾಂಡ್ರಿ ಸೇರಿದಳು. ಮಗು ಶಾಲೆಗೆ ಹೋಗುತ್ತಿತ್ತು, ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡಲಿ ಅತ್ತಿಗೆ ಎಂದು ಕೇಳಿಕೊಂಡಿದ್ದಳು. ಹೇಳಿದ ಮಾತು ಮೀರದ ಹುಡುಗಿ. ಓದು ಅಷ್ಟಕ್ಕಷ್ಟೇ, ಆದರೆ ಕಂಡ ಬೋರ್ಡನ್ನೆಲ್ಲ ತುಟಿ ಅಲ್ಲಾಡಿಸಿ ಓದಿಯೇ ಮುಂದೆ ಹೋಗುವ ಜಾತಿ. ಕಾವಲಿ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಬೇಕೆಂದಿದ್ದಳು. ಮ್ಯಾನೇಜರು ಬಿಡಲಿಲ್ಲ. ಕಾವಲಿಯನ್ನು ವಿಂಗಡಿಸುವ ಕಟ್ಟೆಗೆ ಅಟ್ಟಿ, ಹುಡುಗಿಯನ್ನು ಉರುಳೆಯ ಬಾಯಿಗೆ ನಿಲ್ಲಿಸಿದ.

ಒಂದು ದಿನ ಜೊತೆಯವಳು ಒದ್ದೆ ಬಟ್ಟೆ ತರಲು ಹೋದಾಗ ಬೆಡ್‌ಶೀಟೊಂದು ಒಳಗೆ ಸುತ್ತಿಕೊಂಡಿತು. ಹುಡುಗಿ ಕೆಂಪು ಗುಂಡಿ ಒತ್ತಿದಳು. ಉರುಳೆ ನಿಂತಿತು. ತಲೆ ಎತ್ತಿ ಬೋರ್ಡು ನೋಡಿದಳು. ಆಮೇಲೆ ಕೈ ಹಾಕಿದಳು.

ಕೂಗು ಶೆಡ್ಡಿನ ಆ ತುದಿಯವರೆಗೂ ಕೇಳಿಸಿತು. ಕಾವಲಿ ಕೊಳೆ ಬಟ್ಟೆಯ ರಾಶಿ ತುಳಿದುಕೊಂಡು ಓಡಿದಳು. ಬಲ ಅಂಗೈಯ ಚರ್ಮ ಇಡಿಯಾಗಿ ಕಬ್ಬಿಣಕ್ಕೆ ಅಂಟಿ ಎದ್ದುಬಂದಿತ್ತು. ಅದನ್ನು ಇನ್ನೂ ಹೆಚ್ಚು ವಿವರಿಸುವ ಅಗತ್ಯವಿಲ್ಲ.

ಆಸ್ಪತ್ರೆಯಲ್ಲಿ ಬ್ಯಾಂಡೇಜು ಸುತ್ತಿ ಮಲಗಿಸಿದ ಮೇಲೆ ಕಾವಲಿಯ ಮೊದಲ ಸಿಟ್ಟು ಬಿದ್ದದ್ದು ಆ ಹುಡುಗಿಯ ಮೇಲೆಯೇ. "ಕಣ್ಣು ಎಲ್ಲಿಟ್ಟಿದ್ದೆ? ಅಷ್ಟು ದೊಡ್ಡ ಬೋರ್ಡ್ ಇದೆಯಲ್ಲ, ಓದಕ್ಕೆ ಬರಲ್ವಾ ನಿಂಗೆ?"

ಹುಡುಗಿ ಅಳುತ್ತಲೇ ಹೇಳಿದಳು. "ಓದೇ ಹಾಕಿದ್ದು ಅತ್ತಿಗೆ. ಉರುಳೆ ನಿಂತ ತಕ್ಷಣ ಮುಟ್ಟಬಹುದು ಅಂತ ಬರ್ದಿದೆ. ನಿಂತಮೇಲೇ ಮುಟ್ಟಿದ್ದು ನಾನು."

ಕಾವಲಿ ಎದ್ದಳು. ಅಲ್ಲಿಂದ ನೇರ ಲಾಂಡ್ರಿಗೆ ಬಂದು ಉರುಳೆಯ ಮುಂದೆ ನಿಂತಳು. ನಿಜ ಹೇಳಬೇಕೆಂದರೆ ಹೊಸ ಬೋರ್ಡನ್ನು ಅವಳು ಒಮ್ಮೆಯೂ ಓದಿರಲಿಲ್ಲ, ಗೊತ್ತಿದ್ದದ್ದನ್ನು ಓದುವವರು ಯಾರು? ಹತ್ತಿರದಿಂದ ನೋಡಿದಳು. ಮುಟ್ಟಬಾರದು ಎಂದೇ ಇತ್ತು. ಬಟ್ಟೆ ಕೊಡುವವರು ನಿಲ್ಲುವ ಜಾಗಕ್ಕೆ ಹಿಂದೆ ಸರಿದು, ಹಬೆಯ ನಡುವಿನಿಂದ ನೋಡಿದಳು. ಮುಟ್ಟಬಹುದು.

ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಕುಪ್ಪಳದಲ್ಲಿ ದೀರ್ಘದ ಬಾಲ ಗಿಡ್ಡ, ಮೇಲಕ್ಕೆ ಮುದುರಿಕೊಂಡು ತಲೆಕಟ್ಟಿನೊಳಗೆ ಅಡಗಿಬಿಡುತ್ತದೆ. ಹಾಗಾಗಿ ಬಾ ಎಂಬುದು ಬ ಆಗುತ್ತದೆ. ರ ಪಕ್ಕಕ್ಕೆ ವಾಲಿಕೊಂಡು, ಸೊಗಸಿಗೆಂದು ಬಲಗಡೆ ಒಂದು ಸುರುಳಿ ಬಿಟ್ಟಿರುತ್ತದೆ. ದೂರಕ್ಕೆ ಆ ಸುರುಳಿ ಕೊಂಬಿನ ಹಾಗೆ ಕಂಡು ಹು ಎಂದೇ ಓದಿಸಿಕೊಳ್ಳುತ್ತದೆ. ಕೊನೆಯ ದು ಎರಡಕ್ಕೂ ಒಂದೇ. ಜೊತೆಗೆ ಬೋರ್ಡಿನ ಮುಖವೇ ಹಾಗಿತ್ತು: ಅಷ್ಟು ನಗುನಗುತ್ತಾ ಇರುವುದು ಬೇಡ ಎನ್ನುತ್ತಿದೆ ಎಂದು ಯಾರಿಗೆ ತಾನೇ ಹೊಳೆಯುತ್ತದೆ? ಬಾ ಮುಟ್ಟು ಎಂದು ಕರೆಯುವ ಹಾಗಿತ್ತು.

ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೋರ್ಡನ್ನು ಕಿತ್ತು ಎಸೆಯಲು ಕೈ ಹೋಯಿತು. ಆಗಲೇ ಮ್ಯಾನೇಜರು ಹಿಂದಿನಿಂದ ಬಂದು, "ಅದನ್ನ ಮುಟ್ಟಬೇಡಿ ಅಕ್ಕಾ, ಅದೇ ನಮ್ಮ ಸಾಕ್ಷಿ," ಎಂದ.

ಯಾವುದಕ್ಕೆ ಸಾಕ್ಷಿ ಎಂಬುದು ಮರುದಿನ ತಿಳಿಯಿತು. ಬೋರ್ಡಿದ್ದೂ ಕೈ ಹಾಕಿದ್ದು ಕೆಲಸದವಳ ತಪ್ಪು ಎಂದು ಮ್ಯಾನೇಜರು ಯಜಮಾನರಿಗೆ ವರದಿ ಕೊಟ್ಟಿದ್ದ. ಕಾವಲಿಯನ್ನು ಕರೆದು ಅದೇ ನಗುಮುಖದಲ್ಲಿ ವಿಷಯ ಹೇಳಿದ. "ನೋಡಿ ಅಕ್ಕಾ, ನಾವು ಕೈ ಬಿಡಲ್ಲ. ಮನೆಯವರ ಥರ ಅಲ್ವಾ. ಇದು ಕೆಲಸದವಳ ತಪ್ಪು ಅನ್ನಬಹುದು ಅಂತ ನೀವು ಮನೆಯವರೇ ಒಂದು ಅರ್ಜಿ ಬರೆದುಕೊಡಿ. ಆಗ ಆಸ್ಪತ್ರೆ ಖರ್ಚನ್ನ ಯಜಮಾನ್ರು ದಯೆಯಿಂದ ನೋಡ್ಕೊಳ್ತಾರೆ. ಕೈ ವಾಸಿಯಾದ್ಮೇಲೆ ಕೆಲಸಾನೂ ಇರತ್ತೆ."

"ಬರೆಯದಿದ್ರೆ?"

"ಬರೆಯದಿದ್ರೆ ನಿಯಮದ ಪ್ರಕಾರ ಹೋಗಬೇಕಾಗತ್ತೆ. ಅಜಾಗರೂಕತೆ ಅಂತ ಕೆಲಸದಿಂದ ತೆಗೀಬೇಕಾಗತ್ತೆ. ನಂಗೂ ಬೇಜಾರೇ."

ಬೇಜಾರು ಎಂದು ಹೇಳುವಾಗಲೂ ಅವನ ಹಲ್ಲು ಕಾಣುತ್ತಿತ್ತು. ಕಾವಲಿಗೆ ಅಲ್ಲಿ ಮಾತಾಡಿದರೆ ಏನಾದರೂ ಎಡವಟ್ಟಾಗುತ್ತದೆ ಅನ್ನಿಸಿ, ತುಟಿ ಕಚ್ಚಿಕೊಂಡು ಹೊರಬಿದ್ದಳು. ಒಂದು ವಾಕ್ಯ ಬರೆದುಕೊಟ್ಟರೆ ಔಷಧಿ, ಕೆಲಸ. ಆದರೆ ಆ ಹುಡುಗಿ ಬದುಕಿರುವವರೆಗೂ ಆ ಕೈ ನೋಡಿದವರೆಲ್ಲ ಇವಳೇ ಸುಟ್ಟುಕೊಂಡಳಂತೆ ಎನ್ನುತ್ತಾರೆ. ಇವಳೂ ಅದನ್ನೇ ನಂಬುತ್ತಾಳೆ. ಆಗಲೇ ನಂಬಲು ಶುರುಮಾಡಿದ್ದಳು. "ನಾನು ಸರಿಯಾಗಿ ಓದಬೇಕಿತ್ತು ಅತ್ತಿಗೆ," ಎಂದು ಬೆಳಿಗ್ಗೆ ಹೇಳಿದ್ದಳಲ್ಲ. ಕಾವಲಿಯ ಹೊಟ್ಟೆ ಉರಿದದ್ದು ಆ ಮಾತಿಗೆ.

ತಮ್ಮನ ಅಂಗಡಿಗೆ ಹೋದಾಗ ಅವನು ಕಂಪ್ಯೂಟರಿನ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಅವನ ಮೇಲೂ ಸಿಟ್ಟಿತ್ತು. ಅದನ್ನೂ ಅವಳು ಬಾಕಿ ಇಟ್ಟುಕೊಳ್ಳಲಿಲ್ಲ.

"ಡಾಕ್ಟ್ರಿಗೆ ಕೊಡಲ್ಲ ಅಂದೋನು ಉರುಳೆಗೆ ಯಾಕೋ ಕೊಟ್ಟೆ?"

"ಬೇಡ ಅಂತಾನೇ ಅಂದೆ ಅಕ್ಕಾ. ಬಿಸಿ ಯಂತ್ರಕ್ಕೆ ದಪ್ಪ ಅಕ್ಷರ ಇರಲಿ ಸರ್ ಅಂದೆ. ಎಲ್ಲಾ ಒಂದೇ ಥರ ಇರ್ಲಿ, ಇಲ್ಲಾಂದ್ರೆ ಆರ್ಡರೇ ಬೇಡ ಅಂದ್ರು."

"ಅದಕ್ಕೆ?"

"ನೀನು ತಂದುಕೊಟ್ಟ ಆರ್ಡರು. ಬಿಟ್ರೆ ನೀನು ಬೈತೀಯ ಅಂತ ಮಾಡಿಕೊಟ್ಟೆ."

ತನ್ನ ಬಾಯಿಗೆ ಹೆದರಿ ತಮ್ಮ ಮಾಡಿದ ಕೆಲಸ ತಮ್ಮನ ಹೆಂಡತಿಯ ಕೈಗೆ ಬಂದಿತ್ತು. ಗೋಡೆಯ ಮೇಲೆ ಯಾರದೋ ಮಗುವಿನ ಹುಟ್ಟುಹಬ್ಬದ ಬ್ಯಾನರು ಒಣಗುತ್ತಿತ್ತು, ಅದರ ಅಕ್ಷರಗಳು ಎಂದಿನ ಹಾಗೆ ಕುಣಿಯುತ್ತಿದ್ದವು. ಅಲ್ಲಿ ಅವು ಚೆಂದವೇ ಕಾಣುತ್ತಿದ್ದವು. ಅದನ್ನು ನೋಡಿ ಅವಳಿಗೆ ಇನ್ನೂ ರೇಗಿತು.

"ಅರ್ಜಿ ಟೈಪ್ ಮಾಡು," ಎಂದಳು.

"ಬರೆದುಕೊಡೋಣ ಅಂತೀಯಾ?" ತಮ್ಮನ ಮುಖ ಇಳಿಯಿತು.

"ಕೊಡೋಣ. ಅವರು ಹೇಳಿದ್ದಲ್ಲ, ನಾನು ಹೇಳಿದ್ದು. ಬೋರ್ಡಿನ ಅಕ್ಷರ ಓದೋಕಾಗದ ಹಾಗಿದೆ ಅಂತ ಹಾಕು. ಹೊಸಬರಿಗೆ ಕಲಿಸೋದು ನಿಲ್ಲಿಸಿದ್ರು ಅಂತ ಹಾಕು. ಕೊನೇಲಿ, ಇದು ಕೆಲಸದವಳ ತಪ್ಪು ಎನ್ನಬಾರದು ಅಂತ ಹಾಕು."

ತಮ್ಮ ಅರ್ಜಿಗೆ ಹಾಕುವ ನೆಟ್ಟಗಿನ ಅಕ್ಷರದಲ್ಲಿ ಟೈಪ್ ಮಾಡಿದ. ಅವಳು ಪರದೆ ನೋಡಿ, "ಇದರಲ್ಲಿ ಬೇಡ. ಕುಪ್ಪಳದಲ್ಲಿ ಹಾಕು," ಎಂದಳು.

"ಅಕ್ಕಾ, ಅರ್ಜಿನ ಯಾರಾದ್ರೂ ಕುಪ್ಪಳದಲ್ಲಿ ಬರೀತಾರಾ? ತಮಾಷೆ ಮಾಡ್ತಿದೀರಾ ಅಂತ ಮುಖದ ಮೇಲೆ ಎಸೀತಾರೆ."

"ಎಸೀಲಿ. ಎಸೆದು, ಇದನ್ನ ಯಾರು ಗಂಭೀರವಾಗಿ ತಗೊಳ್ತಾರೆ ಅಂತ ಅವರೇ ಕೇಳ್ಬೇಕು. ಆಮೇಲೆ ನಾನು ಕೇಳ್ತೀನಿ."

ಅವಳ ಲೆಕ್ಕ ಅಷ್ಟೇ ಇತ್ತು. ಅವರ ಬಾಯಿಂದಲೇ ಆ ಒಂದು ಮಾತು ಹೊರಡಿಸಬೇಕು, ಆಮೇಲೆ ನೀರಿಳಿಸಬೇಕು. ಸಿಟ್ಟಿನಲ್ಲಿ ಅದಕ್ಕಿಂತ ಮುಂದೆ ಅವಳು ಯೋಚಿಸಿರಲಿಲ್ಲ. ತಮ್ಮ ಒಂದು ಗುಂಡಿ ಒತ್ತಿದ, ಅರ್ಜಿಯ ಅಕ್ಷರಗಳೆಲ್ಲ ನಿಂತಲ್ಲೇ ಕುಪ್ಪಳಿಸಿದವು.

ಯಜಮಾನರ ಕೋಣೆ ಶೆಡ್ಡಿನ ಮೇಲಂತಸ್ತಿನಲ್ಲಿತ್ತು. ಕಿಟಕಿಯಿಂದ ಕೆಳಗಿನ ಯಂತ್ರಗಳೆಲ್ಲ ಕಾಣುತ್ತವೆ, ಅವುಗಳ ಸದ್ದು ಮಾತ್ರ ಬರುವುದಿಲ್ಲ. ಯಜಮಾನರು ವಯಸ್ಸಾದವರು, ಕಡಿಮೆ ಮಾತಿನವರು. ಮೇಜಿನ ಪಕ್ಕದಲ್ಲಿ ಮ್ಯಾನೇಜರು ನಿಂತಿದ್ದ. ಕಾವಲಿ ಅರ್ಜಿಯನ್ನು ಮೇಜಿನ ಮೇಲಿಟ್ಟಳು. ಎಸೆಯುತ್ತಾರೆ ಎಂದು ಕಾದಳು.

ಯಾರೂ ಎಸೆಯಲಿಲ್ಲ. ಯಜಮಾನರು ಕನ್ನಡಕಕ್ಕೆ ಜೇಬು ತಡಕುತ್ತ, "ಓದ್ರಿ," ಎಂದು ಮ್ಯಾನೇಜರಿಗೆ ಹೇಳಿದರು. ಮ್ಯಾನೇಜರು ಹಾಳೆ ಎತ್ತಿಕೊಂಡ. ಅಕ್ಷರ ನೋಡಿ ಅವನಿಗೆ ಸಂತೋಷವೇ ಆಯಿತು. "ಓ, ನಮ್ಮ ಬೋರ್ಡಿನ ಅಕ್ಷರ," ಎಂದ. ಮೇಲಿನ ಸಾಲುಗಳ ಮೇಲೆ ಕಣ್ಣು ಜಾರಿಸಿದ. ಅವನಿಗೆ ಬೇಕಾಗಿದ್ದದ್ದು ಕೊನೆಯ ಸಾಲು. ಅದನ್ನು ಹುಡುಕಿ, ಗಂಟಲು ಸರಿಮಾಡಿಕೊಂಡು, ಜೋರಾಗಿ ಓದಿದ.

"ಇದು ಕೆಲಸದವಳ ತಪ್ಪು ಎನ್ನಬಹುದು." ಹಾಳೆ ಕೆಳಗಿಟ್ಟು ನಕ್ಕ. "ಒಳ್ಳೇದಾಯ್ತು ಅಕ್ಕಾ. ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡ್ರಿ."

ಕಾವಲಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ತಮ್ಮ ತಪ್ಪು ಟೈಪ್ ಮಾಡಿದನೇ ಎಂದುಕೊಂಡಳು. ಬಗ್ಗಿ ಹಾಳೆ ನೋಡಿದಳು. ಬಾರದು ಎಂದೇ ಇತ್ತು. ಆಗ ಅವಳಿಗೆ ಗೊತ್ತಾಯಿತು. ಬಂದದ್ದು ಸಿಟ್ಟೇ, ಆದರೆ ಈ ಸಲ ಅದು ಚುರ್ ಎನ್ನಲಿಲ್ಲ. ದನಿ ತಣ್ಣಗಿತ್ತು.

"ಇನ್ನೊಂದ್ಸಲ ಓದಿ ಸರ್. ಹತ್ತಿರ ಹಿಡಿದು ಓದಿ."

ಮ್ಯಾನೇಜರು ನಗುತ್ತಲೇ ಹಾಳೆ ಎತ್ತಿದ. ಹತ್ತಿರ ಹಿಡಿದ. ತುಟಿ ಮಾತ್ರ ಅಲ್ಲಾಡಿತು. ನಗು ಮುಖದ ಮೇಲೆ ಹಾಗೇ ಉಳಿಯಿತು, ಕೆಳಗೆ ಇಳಿಯಲು ಅದಕ್ಕೆ ದಾರಿ ಗೊತ್ತಾಗದ ಹಾಗೆ. ಯಜಮಾನರು ಕನ್ನಡಕ ಹಾಕಿಕೊಂಡು ಕೈ ಚಾಚಿದರು. ಅವರೂ ಓದಿದರು. ಒಮ್ಮೆ ದೂರ ಹಿಡಿದು, ಒಮ್ಮೆ ಹತ್ತಿರ ಹಿಡಿದು.

"ಬಾರದು ಅಂತಿದೆ," ಎಂದರು.

"ಹೌದು," ಎಂದಳು ಕಾವಲಿ. "ಬೋರ್ಡಲ್ಲೂ ಬಾರದು ಅಂತಾನೇ ಇದೆ. ಈ ಸಾಹೇಬ್ರು ಓದಿದವರು. ಫ್ಯಾನಿನ ಕೆಳಗೆ ನಿಂತು, ಹಾಳೆ ಕೈಯಲ್ಲಿ ಹಿಡ್ಕೊಂಡು ಓದಿದ್ರು. ಅವಳು ಹಬೇಲಿ ನಿಂತು, ತಲೆ ಎತ್ತಿ ಓದಿದ್ಲು. ಇಬ್ರೂ ಒಂದೇ ತಪ್ಪು ಓದಿದ್ರು. ಸಾಹೇಬ್ರ ಕೈ ಮಾತ್ರ ನೆಟ್ಟಗಿದೆ, ನೋಡಿ."

ಮ್ಯಾನೇಜರು ತನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಯಾಕೆ ಹಾಗೆ ಮಾಡಿದನೋ ಅವನಿಗೇ ಗೊತ್ತಿರಲಿಲ್ಲ. "ಅದು ಸರ್, ಆ ಪ್ರಿಂಟಿನವನು ಅಕ್ಷರಾನ..." ಎಂದು ಶುರುಮಾಡಿದ.

"ಪ್ರಿಂಟಿನವನು ಬೇಡ ಅಂದಿದ್ದ. ಕೇಳಿ, ಅಂದಿದ್ನೋ ಇಲ್ವೋ," ಎಂದಳು ಕಾವಲಿ.

ಯಜಮಾನರು ಮ್ಯಾನೇಜರ ಮುಖ ನೋಡಿದರು. ಅವನು ಅಲ್ಲಗಳೆಯದೆ ಕಿಟಕಿಯತ್ತ ತಿರುಗಿದ. ಕಿಟಕಿಯಾಚೆ ಕೆಳಗೆ ಉರುಳೆ ತಿರುಗುತ್ತಿತ್ತು, ಅದರ ಮೇಲಿನ ಗುಲಾಬಿ ಹಲಗೆ ಇಲ್ಲಿಗೂ ಕಾಣುತ್ತಿತ್ತು.

"ಅದನ್ನ ಈಗಲೇ ತೆಗೆಸ್ರಿ," ಎಂದರು ಯಜಮಾನರು. "ವರದಿ ಬದಲಾಯಿಸಿ ತನ್ನಿ. ಆಸ್ಪತ್ರೆದು ದಯೆ ಗಿಯೆ ಅಂತ ಬರೀಬೇಡಿ, ನಮ್ಮ ಜವಾಬ್ದಾರಿ ಅಂತ ಬರೀರಿ."

"ಹೊಸಬರಿಗೆ ಪಕ್ಕದಲ್ಲಿ ನಿಂತು ಕಲಿಸೋದು?" ಕಾವಲಿ ಕದಲಲಿಲ್ಲ.

"ಅದನ್ನೂ."

"ಬರೆದುಕೊಡಿ. ನೆಟ್ಟಗಿನ ಅಕ್ಷರದಲ್ಲಿ."

ಕೆಲಸದವಳ ತಪ್ಪು ಎನ್ನಬಾರದು ಎಂಬ ಸಾಲನ್ನೂ ಸೇರಿಸಿ ಬರೆಸಿಕೊಂಡೇ ಇಳಿದಳು. ಗೋದಾಮಿನ ಹಿಂದೆ ಹೋಗಿ ಕಸದ ನಡುವಿನಿಂದ ಹಳೆಯ ತಗಡನ್ನು ಎಳೆದು ತೆಗೆದಳು. ಒಂದು ಮೂಲೆ ಮಡಚಿಹೋಗಿತ್ತು, ತುಕ್ಕು ಹಿಡಿದಿತ್ತು. ತಾನೇ ಏಣಿ ಹತ್ತಿ ಉರುಳೆಯ ಮೇಲೆ ನೇತುಹಾಕಿದಳು. ಏಣಿ ಹಿಡಿದುಕೊಳ್ಳಲು ಬಂದವರನ್ನೂ ಬೈದಳು. ಗೆದ್ದೆ ಎಂದು ಅವಳಿಗೆ ಅನ್ನಿಸಿರಲಿಲ್ಲ. ಗೆದ್ದದ್ದು ಏನು? ಸುಟ್ಟ ಅಂಗೈ ಯಾವ ವರದಿಯಿಂದಲೂ ಮೊದಲಿನ ಹಾಗಾಗುವುದಿಲ್ಲ. ಇಷ್ಟು ಮಾಡಿಸಲು ಒಬ್ಬಳ ಕೈ ಬೇಕಾಯಿತಲ್ಲ ಎಂಬ ಉರಿ ಅವಳಲ್ಲಿ ಆರಲಿಲ್ಲ, ಇವತ್ತಿಗೂ ಆರಿಲ್ಲ.

ಸಂಜೆ ಆಸ್ಪತ್ರೆಗೆ ಹೋದಾಗ ಹುಡುಗಿ ದಿಂಬಿಗೊರಗಿ ಕೂತಿದ್ದಳು. ತಮ್ಮ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದ. ಎರಡು ದಿನದಿಂದ ಅವಳು ಗಂಡನ ಮುಖವನ್ನು ನೇರ ನೋಡಿರಲಿಲ್ಲ, ಗಂಡ ಅವಳ ಕೈಯತ್ತ ಕಣ್ಣು ಹಾಯಿಸಿರಲಿಲ್ಲ. ಕಾವಲಿ ಬ್ಯಾಗಿನಿಂದ ಯಜಮಾನರ ಹಾಳೆ ತೆಗೆದು ಮಂಚದ ಮೇಲಿಟ್ಟಳು.

"ಏನಂತೆ ಅತ್ತಿಗೆ?"

"ಕೆಲಸದವಳ ತಪ್ಪು ಎನ್ನಬಾರದಂತೆ."

ಹುಡುಗಿ ಹಾಳೆ ಮುಟ್ಟಲಿಲ್ಲ. ಅದನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು.

"ಸರಿಯಾಗಿ ಓದಿದ್ರಾ ಅತ್ತಿಗೆ? ಬಾರದು ಅಂತಾನೇ ಇದೆಯಾ?"

ಕಾವಲಿ ಹಾಳೆಯನ್ನು ಅವಳ ಮುಖದ ಹತ್ತಿರ ಹಿಡಿದು, ಕಪ್ಪು, ದಪ್ಪ, ನೆಟ್ಟಗಿನ ಆ ಪದದ ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಓದಿಸಿದಳು. ಬಾ. ರ. ದು.